ಸುಳ್ಳಿಗೆ ಎರಡು ಸರ್

ಅಕ್ಕನ ಗಂಡನನ್ನು ಏನೆಂದು ಕರೆಯಬೇಕು ಎಂಬ ಪ್ರಶ್ನೆಗೆ ಮನುಕುಲದ ಇತಿಹಾಸದಲ್ಲಿ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ. ರಾಜ್ಯಗಳ ಗಡಿ, ಸಮುದ್ರದ ಮೇಲಿನ ಹಕ್ಕು, ಸಿಂಹಾಸನದ ವಾರಸುದಾರಿಕೆ ಇವುಗಳ ಬಗ್ಗೆ ಕಪಾಟುಗಟ್ಟಲೆ ಗ್ರಂಥಗಳಿವೆ. ಆದರೆ ಮೂವತ್ತು ಜನ ಗಂಡಸರು ಕೆಸರಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದಿರುವಾಗ, ಅವರ ನಡುವೆ ಸೀಟಿ ಹಿಡಿದು ನಿಂತವನು ನಿಮ್ಮ ಅಕ್ಕನ ಗಂಡನೇ ಆಗಿದ್ದರೆ ಅವನನ್ನು ‘ಭಾವ’ ಎನ್ನಬೇಕೋ ‘ಸರ್’ ಎನ್ನಬೇಕೋ ಎಂಬುದರ ಬಗ್ಗೆ ಯಾವ ಪಂಡಿತನೂ ಒಂದು ಸಾಲು ಬರೆದಿಟ್ಟಿಲ್ಲ. ಈ ಉಪೇಕ್ಷೆಯ ಫಲವನ್ನು ಒಂದು ಸಂಸಾರ ಇಡೀ ಒಂದು ಸೀಸನ್ನು ಉಣ್ಣಬೇಕಾಯಿತು.

ಸೀಟಿ ಹಿಡಿದವರು ಹಲ್ಲಿನ ಡಾಕ್ಟರು. ಕೂದಲು ನರೆಯತೊಡಗಿದ ಮೇಲೆ, ಬುದ್ಧಿ ಬಲಿತ ಮೇಲೆ, ಸ್ವಂತ ಇಚ್ಛೆಯಿಂದ ರಗ್ಬಿ ಪಂದ್ಯಗಳಿಗೆ ರೆಫರಿಯಾದರು. ರಗ್ಬಿ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಓಡುವ, ಓಡುವವನನ್ನು ಕೆಡವುವ, ಕೆಡವಿದವನ ಮೇಲೆ ಉಳಿದವರೆಲ್ಲ ಬೀಳುವ ಆಟ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಹಿಂದಕ್ಕೆ ಎಸೆಯುತ್ತಲೇ ಮುಂದಕ್ಕೆ ಹೋಗಬೇಕು. ಸಂಸಾರಸ್ಥರಿಗೆ ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ. ಎದುರಾಳಿಗಳ ಕೊನೆಗೆರೆಯ ಆಚೆ ಚೆಂಡನ್ನು ನೆಲಕ್ಕೆ ಒತ್ತಿಟ್ಟರೆ ಐದು ಅಂಕ. ಗೆರೆ ದಾಟಿ ಬಿದ್ದರೂ ಚೆಂಡು ನೆಲ ಮುಟ್ಟದೆ ಯಾರದೋ ಕೈಯ ಮೇಲೋ ಹೊಟ್ಟೆಯ ಮೇಲೋ ಕೂತುಬಿಟ್ಟರೆ ಸೊನ್ನೆ. ಇಷ್ಟು ತಿಳಿದರೆ ಸಾಕು. ಡಾಕ್ಟರಿಗೂ ತಿಳಿದಿದ್ದದ್ದು ಇಷ್ಟೇ ಎಂಬುದು ಅವರ ಅತ್ತೆಯ ಅಭಿಪ್ರಾಯ.

ರೆಫರಿಯಾದದ್ದು ಹೊಟ್ಟೆ ಕರಗಿಸುವುದಕ್ಕೆ ಎಂದು ಡಾಕ್ಟರು ಹೊರಗೆ ಹೇಳುತ್ತಿದ್ದರು. ಒಳಗಿನ ಕಾರಣ ಬೇರೆ. ಕ್ಲಿನಿಕ್ಕಿನಲ್ಲಿ ಅವರ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ, ಏಕೆಂದರೆ ಎದುರಾಡಬೇಕಾದವರ ಬಾಯಿಯಲ್ಲಿ ಹತ್ತಿ, ಒಂದು ಕೊಳವೆ ಮತ್ತು ಡಾಕ್ಟರ ಎರಡು ಬೆರಳು ಇರುತ್ತಿದ್ದವು. ಮನೆಯಲ್ಲಿ ಎಲ್ಲರ ಬಾಯಿಯೂ ಖಾಲಿ. ಕಿಟಕಿಯ ಪರದೆಯ ಬಣ್ಣವಿರಲಿ, ಬೀರು ಯಾವ ಗೋಡೆಗೆ ಒರಗಬೇಕೆಂಬುದಿರಲಿ, ಬೆಳಿಗ್ಗೆ ಅವರು ಮಾಡಿದ ತೀರ್ಮಾನ ಮಧ್ಯಾಹ್ನದ ಊಟದವರೆಗೆ ಬಾಳಿದ್ದಿಲ್ಲ. ಅಂಥವರ ಕೈಗೆ ಹೇಗೋ ರಗ್ಬಿಯ ನಿಯಮಗಳು ಸಿಕ್ಕಿದವು. ಅಲ್ಲಿ ರೆಫರಿ ಅಂದದ್ದೇ ಅಂತಿಮ. ಆನೆಯಂಥ ಆಳುಗಳೂ ಅವನನ್ನು ‘ಸರ್’ ಎನ್ನಬೇಕು. ತಂಡದ ನಾಯಕನೊಬ್ಬನೇ ಅವನ ಹತ್ತಿರ ಬಂದು ಮಾತಾಡಬಹುದು, ಅದೂ ಮರ್ಯಾದೆಯಿಂದ. ಮಿಕ್ಕವರು ಬಾಯಿ ಬಿಟ್ಟರೆ ಇಡೀ ತಂಡ ಹತ್ತು ಮೀಟರ್ ಹಿಂದೆ ಸರಿಯಬೇಕು. ಡಾಕ್ಟರು ಆ ಪುಟವನ್ನು ಎರಡು ಸಲ ಓದಿ, ಸಂಜೆಯೇ ಹೋಗಿ ಸೀಟಿ ಕೊಂಡರು.

ಹೊಸ ರೆಫರಿಗೆ ಮೊದಲ ಸೀಸನ್ನೇ ಪರೀಕ್ಷೆ. ಕೊನೆಯ ಪಂದ್ಯದ ದಿನ ಸಂಘದ ಹಿರಿಯ ರೆಫರಿಯೊಬ್ಬರು ಬಂದು ನೋಡುತ್ತಾರೆ. ಒಪ್ಪಿದರೆ ಮುಂದಿನ ವರ್ಷ ಮೇಲಿನ ದರ್ಜೆಯ ಪಂದ್ಯಗಳು. ಒಪ್ಪದಿದ್ದರೆ ಸೀಟಿ ಕಸಿದು ಬಾವುಟ ಕೊಡುತ್ತಾರೆ. ಬಾವುಟ ಎಂದರೆ ಅಂಚಿನ ಗೆರೆಯ ಗುಂಟ ಓಡಾಡುತ್ತ ಚೆಂಡು ಹೊರಗೆ ಹೋದಾಗ ಎತ್ತಿ ತೋರಿಸುವುದು. ಬಾವುಟದವನನ್ನು ಯಾರೂ ಸರ್ ಎನ್ನುವುದಿಲ್ಲ. ಆ ಹಿರಿಯರು ಬಿಸಿಲಿರಲಿ ಮೋಡವಿರಲಿ ಅಗಲ ಅಂಚಿನ ಟೋಪಿ ತೆಗೆಯದ ಕಾರಣ ಎಲ್ಲರ ಬಾಯಲ್ಲೂ ‘ಟೋಪಿಯವರು’ ಆಗಿದ್ದರು. ಡಾಕ್ಟರಿಗೆ ಆಗಾಗ ಒಂದು ಕನಸು ಬೀಳುತ್ತಿತ್ತು: ದೊಡ್ಡದೊಂದು ಟೋಪಿ, ಅದರ ಕೆಳಗೆ ಮುಖವಿಲ್ಲ, ಕೈಯಲ್ಲಿ ಬಾವುಟ.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಮೊದಲ ಪಂದ್ಯಗಳಲ್ಲಿ ಡಾಕ್ಟರು ಊದಿದ್ದೇ ಊದಿದ್ದು. ಆಟಗಾರರು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಅತ್ತೆ ಮಡಚುವ ಕುರ್ಚಿ ಹಾಕಿಕೊಂಡು, ಕೊಡೆ ಬಿಡಿಸಿಕೊಂಡು, ಮೈದಾನದ ಅಂಚಿನಲ್ಲಿ ಕೂತಿರುತ್ತಿದ್ದರು. ಪಕ್ಕದಲ್ಲಿದ್ದ ಮಗಳನ್ನು ಕೇಳಿದರು, “ಅಳಿಯಂದಿರು ಆಟ ಆಡಿಸ್ತಿದಾರೋ, ಬಸ್ಸು ನಿಲ್ಲಿಸ್ತಿದಾರೋ?”

“ಸುಮ್ನಿರಮ್ಮ. ಅವರಿಗೆ ಈಗ ತಾನೇ ಸೀಟಿ ಸಿಕ್ಕಿದೆ,” ಎಂದಳು ಮಗಳು. ಅವಳು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು; ಹೊಸ ಸೀಮೆಸುಣ್ಣ ಸಿಕ್ಕ ಹೊಸ ಮೇಷ್ಟರುಗಳನ್ನು ಎಷ್ಟೋ ಕಂಡಿದ್ದಳು.

ಅತ್ತೆ ಬರುತ್ತಿದ್ದದ್ದು ಅಳಿಯನನ್ನು ನೋಡಲಿಕ್ಕಲ್ಲ, ಅದೇ ಮೈದಾನದಲ್ಲಿ ಆಮೇಲಿನ ಪಂದ್ಯ ಆಡುವ ಮಗನನ್ನು ನೋಡಲಿಕ್ಕೆ. ಮಗ, ಎಂದರೆ ಡಾಕ್ಟರ ಭಾವಮೈದ, ಕಂದು ಅಂಗಿ ತಂಡದ ನಾಯಕ. ಹಾಸಿಗೆ ಅಂಗಡಿಯಲ್ಲಿ ಮಾರಾಟದ ಕೆಲಸ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ತಿರುಗಿಸಿ, ಕಾಲು ಇದ್ದಷ್ಟು ಹಾಸಿಗೆ ಮಾರುವುದು ಅವನ ಕಸುಬು. ಅಕ್ಕನ ಮದುವೆಯ ಕಾಲಕ್ಕೆ ಮೀಸೆ ಮೂಡದ ಹುಡುಗನಾಗಿದ್ದವನು, ಅಂದಿನಿಂದ ಡಾಕ್ಟರನ್ನು ಗೋಳು ಹೊಯ್ದುಕೊಳ್ಳುವುದು ತನ್ನ ಜನ್ಮಸಿದ್ಧ ಹಕ್ಕೆಂದು ನಂಬಿ, ಆ ಹಕ್ಕನ್ನು ಒಂದು ದಿನವೂ ತುಕ್ಕು ಹಿಡಿಯಲು ಬಿಟ್ಟವನಲ್ಲ.

ಕಂದು ಅಂಗಿಯವರ ಪಂದ್ಯ ತಮ್ಮ ಪಾಲಿಗೆ ಬಂದಾಗ ಡಾಕ್ಟರು ನ್ಯಾಯವಾಗಿ ತಕರಾರು ಎತ್ತಿದರು. ಪಂದ್ಯ ಹಂಚುವವನು ಬಾಯಿಯ ಎಡಗಡೆ ಹಿಡಿದುಕೊಂಡೇ ಉತ್ತರಿಸಿದ, “ನೆಂಟಸ್ತನ ನೋಡ್ತಾ ಕೂತ್ರೆ ಒಂದು ಪಂದ್ಯಾನೂ ನಡಿಯಲ್ಲ ಡಾಕ್ಟ್ರೇ. ಇನ್ನೊಬ್ಬ ರೆಫರಿ ಆ ಕಡೆ ನಾಯಕನಿಗೆ ಮಾವ. ನೀವೇ ವಾಸಿ. ಅಂದ ಹಾಗೆ ಈ ದವಡೆ ಯಾವಾಗ ನೋಡ್ತೀರಿ?”

ಹಾಗೆ ಆ ಶನಿವಾರ ಮಧ್ಯಾಹ್ನ ಭಾವ, ಭಾವಮೈದ ಎದುರುಬದುರಾದರು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಡಾಕ್ಟರು ಕಂದು ಅಂಗಿಯವರ ವಿರುದ್ಧ ಊದಿದರು. ಭಾವಮೈದ ಸೊಂಟದ ಮೇಲೆ ಕೈ ಇಟ್ಟುಕೊಂಡು ಬಂದ.

“ಇದ್ಯಾವ ನ್ಯಾಯ ಭಾವ? ಅವರ ಕಡೆಯವನು ಗೆರೆ ದಾಟಿ ನಿಂತಿದ್ದು ಕೊಡೆ ಕೆಳಗಿದ್ದ ಅಮ್ಮಂಗೂ ಕಾಣಿಸ್ತು.”

“ಸರ್ ಅನ್ನು.”

“ಏನು ಭಾವ?”

“ಇಲ್ಲಿ ನಾನು ನಿನ್ನ ಭಾವ ಅಲ್ಲ.”

ಭಾವಮೈದ ಗಂಭೀರವಾಗಿ ಯೋಚಿಸಿದ. “ಹಾಗಿದ್ರೆ ಅಲ್ಲಿ ಕೂತಿರೋ ನಮ್ಮಕ್ಕ ನಿಮಗೆ ಏನಾಗ್ಬೇಕು ಭಾವ?”

ಎರಡೂ ತಂಡದವರು ನಕ್ಕರು. ಕೆಳಗೆ ಬಿದ್ದು ಮಂಡಿ ಹಿಡಿದುಕೊಂಡಿದ್ದವನೂ ನಕ್ಕ. ಡಾಕ್ಟರು ಕೆಂಪಾಗಿ, ಕೈ ನೀಡಿ, ಕಂದು ಅಂಗಿಯವರನ್ನು ಹತ್ತು ಮೀಟರ್ ಹಿಂದಕ್ಕೆ ಅಟ್ಟಿದರು. ಹತ್ತು ಮೀಟರ್ ಹತ್ತಿರವಾದ ಎದುರಾಳಿಗಳು ಚೆಂಡನ್ನು ಕಂಬಗಳ ನಡುವೆ ಒದ್ದು ಮೂರು ಅಂಕ ಪಡೆದರು; ಕೊನೆಗೆ ಗೆದ್ದದ್ದೂ ಆ ಮೂರು ಅಂಕದಿಂದಲೇ.

ಸಂಜೆ ಬೂಟು ಕಳಚುವ ಮೊದಲೇ ವಿಚಾರಣೆ ಆರಂಭವಾಯಿತು.

“ಭಾವ ಅಂದಿದ್ದಕ್ಕೆ ನನ್ನ ತಮ್ಮನ್ನ ಹತ್ತು ಮೀಟರ್ ಹಿಂದೆ ಅಟ್ಟಿದ್ರಿ,” ಎಂದಳು ಹೆಂಡತಿ.

“ಅವನೊಬ್ಬನ್ನೇ ಅಲ್ಲ, ಇಡೀ ತಂಡಾನ ಅಟ್ಟಿದ್ದು. ನಿಯಮ.”

“ನೀವು ನಿಯಮದವರು ಅಂತ ಮದುವೆಗೆ ಮುಂಚೆ ಯಾರೂ ಹೇಳ್ಲಿಲ್ಲ.”

ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. “ಈ ಮನೇನೇ ಉದ್ದಕ್ಕೆ ಅಳೆದ್ರೂ ಹತ್ತು ಮೀಟರ್ ಇಲ್ಲ. ನನ್ನ ಮಗನ್ನ ಮನೆಯಿಂದ ಆಚೆ ಹಾಕಿದ ಹಾಗಾಯ್ತು.”

ಕೊನೆಗೆ ಹೆಂಡತಿಯೇ ಮಧ್ಯಸ್ಥಿಕೆ ವಹಿಸಿ ಒಪ್ಪಂದ ಮಾಡಿಸಿದಳು. ಮೈದಾನದಲ್ಲಿ ಸರ್, ಮನೆಯಲ್ಲಿ ಭಾವ. ಭಾವಮೈದ ಎಷ್ಟು ಬೇಗ ಒಪ್ಪಿದನೆಂದರೆ ಆಗಲೇ ಎಲ್ಲರಿಗೂ ಅನುಮಾನ ಬರಬೇಕಿತ್ತು.

ಮರುದಿನ ಅವನು ಊಟಕ್ಕೆ ಬಂದ. ಮೇಜಿನಿಂದ ಎರಡು ಹೆಜ್ಜೆ ದೂರ ನಿಂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೇಳಿದ, “ಸರ್, ಕೂತ್ಕೋಬಹುದಾ ಸರ್?”

“ಕೂತ್ಕೊಳೋ. ಇದು ಮನೆ.”

“ಥ್ಯಾಂಕ್ಯೂ ಸರ್. ಸರ್, ಉಪ್ಪನ್ನ ಅಕ್ಕನಿಗೆ ಮುಂದಕ್ಕೆ ದಾಟಿಸ್ಬಹುದಾ, ಇಲ್ಲ ಹಿಂದಕ್ಕೇ ಎಸೀಬೇಕಾ?”

ಡಾಕ್ಟರು ಹೆಂಡತಿಯ ಮುಖ ನೋಡಿದರು. ಹೆಂಡತಿ ತಟ್ಟೆ ನೋಡುತ್ತಿದ್ದಳು; ಅವಳ ಭುಜ ಕುಲುಕುತ್ತಿತ್ತು. ಅಂದಿನಿಂದ ಅದೊಂದು ರೋಗವಾಗಿ ಹಬ್ಬಿತು. ಮಾರುಕಟ್ಟೆಯಲ್ಲಿ ಸರ್, ಫೋನಿನಲ್ಲಿ ಸರ್, ನೆಂಟರ ಎದುರು ಸರ್. ರೆಫರಿಯ ಹತ್ತಿರ ನಾಯಕರಷ್ಟೇ ಮಾತಾಡಬೇಕೆಂಬ ನಿಯಮವನ್ನು ಅತ್ತೆ ಎಲ್ಲಿಂದಲೋ ತಿಳಿದುಕೊಂಡು, ಮನೆಗೆ ಮಗಳನ್ನೇ ನಾಯಕಿಯೆಂದು ಸಾರಿ, ಅಳಿಯ ಎದುರಿಗೇ ಕೂತಿದ್ದರೂ ದೂರನ್ನು ಮಗಳಿಗೆ ಒಪ್ಪಿಸತೊಡಗಿದರು: “ಬಚ್ಚಲಿನ ನಲ್ಲಿ ಸೋರ್ತಿದೆ ಅಂತ ರೆಫರಿಯವರಿಗೆ ತಿಳಿಸಮ್ಮ.”

ಸರ್ ಎನ್ನಿಸಿಕೊಳ್ಳಬೇಕೆಂದು ಹಂಬಲಿಸಿದವರಿಗೆ ಈಗ ಹೊಟ್ಟೆ ತುಂಬ ಸರ್ ಸಿಕ್ಕಿತು, ಅಜೀರ್ಣವೂ ಆಯಿತು. ಗೋಡೆಯ ಗಡಿಯಾರ ನಿಂತ ಮೇಲೆಯೇ ಅದು ಟಿಕ್ ಟಿಕ್ ಅನ್ನುತ್ತಿತ್ತೆಂದು ತಿಳಿಯುವ ಹಾಗೆ, ‘ಭಾವ’ ಎಂಬ ಕರೆ ನಿಂತ ಮೇಲೆ ಅದು ಬೇಕಿತ್ತೆಂದು ಡಾಕ್ಟರಿಗೆ ಅನ್ನಿಸತೊಡಗಿತು. ಹಾಗೆಂದು ಬಾಯಿಬಿಟ್ಟು ಹೇಳುವುದು ಹೇಗೆ? ಹತ್ತು ಮೀಟರ್ ಅಟ್ಟಿದವರೇ ಅವರು.

ಆದರೆ ಈ ಕಾಟದ ನಡುವೆಯೇ ಡಾಕ್ಟರು ಒಂದು ಶೋಧ ಮಾಡಿದರು. ಬೀಜ ಕ್ಲಿನಿಕ್ಕಿನದು. ‘ದಿನಾ ಎರಡು ಹೊತ್ತು ಹಲ್ಲು ಉಜ್ತೀರಾ’ ಎಂದು ಕೇಳಿದಾಗ, ಉಜ್ಜುವವರು ‘ಹೂಂ’ ಎನ್ನುತ್ತಾರೆ, ಉಜ್ಜದವರು ‘ಉಜ್ತೀನಿ ಡಾಕ್ಟ್ರೇ, ತಪ್ಪದೆ ಉಜ್ತೀನಿ ಡಾಕ್ಟ್ರೇ’ ಎನ್ನುತ್ತಾರೆ. ಸುಳ್ಳಿಗೆ ಯಾವತ್ತೂ ಮರ್ಯಾದೆ ಒಂದು ತೂಕ ಹೆಚ್ಚು. ಇದೇ ಒರೆಗಲ್ಲಿಗೆ ಭಾವಮೈದನನ್ನೂ ಉಜ್ಜಿ ನೋಡಿದರು. ಅವನ ಅಂಗಡಿಗೆ ಹೋದಾಗ ಗಿರಾಕಿಯೊಬ್ಬನಿಗೆ ಅವನು ಹೇಳುತ್ತಿದ್ದ, “ಇದರ ಮೇಲೆ ಮಲಗಿ ಸರ್, ಬೆನ್ನುನೋವು ಅನ್ನೋ ಪದಾನೇ ಮರೆತುಹೋಗುತ್ತೆ ಸರ್.” ಗಿರಾಕಿ ಹೋದ ಮೇಲೆ ಅದೇ ಹಾಸಿಗೆಯನ್ನು ತಟ್ಟಿ, ಬಾಯಿ ತಪ್ಪಿ, “ಇದನ್ನ ಮಾತ್ರ ತಗೋಬೇಡಿ ಭಾವ, ಆರು ತಿಂಗಳಿಗೆ ತೊಟ್ಟಿಲಾಗುತ್ತೆ,” ಎಂದ.

ಮೈದಾನದಲ್ಲೂ ಹಾಗೆಯೇ. ಎದುರಾಳಿಯ ಅಂಗಿ ಹಿಡಿದೆಳೆದು, ಬೆರಳಲ್ಲಿ ಇನ್ನೂ ದಾರ ಸಿಕ್ಕಿಕೊಂಡಿರುವಾಗ, “ಮುಟ್ಟೇ ಇಲ್ಲ ಸರ್, ಆಣೆಗೂ ಸರ್,” ಎನ್ನುತ್ತಿದ್ದ. ಇನ್ನೊಮ್ಮೆ ಡಾಕ್ಟರಿಗೆ ಕಾಣದಂತೆ ತಪ್ಪು ನಡೆದಾಗ, ಪಕ್ಕ ಹಾದು ಹೋಗುತ್ತ ಉಸಿರಿನಲ್ಲಿ, “ನಮ್ಮವನದೇ ತಪ್ಪು ಭಾವ, ಊದಿ,” ಎಂದ. ಊದಿದರು. ತಪ್ಪು ಮಾಡಿದವನು ಬೆರಗಾಗಿ ತಲೆ ತಗ್ಗಿಸಿದ. ಹೊಸ ರೆಫರಿಯ ಕಣ್ಣು ಹದ್ದಿನ ಕಣ್ಣು ಎಂಬ ಮಾತು ಹಬ್ಬಿತು. ಡಾಕ್ಟರು ಈಗ ಸೀಟಿ ಊದುವುದೂ ಕಡಿಮೆಯಾಗಿತ್ತು, ಆಟ ಓಡುತ್ತಿತ್ತು, ಅತ್ತೆ ಬಸ್ಸಿನ ಮಾತು ಬಿಟ್ಟಿದ್ದರು. ಭಾವ ಎಂದರೆ ನಿಜ, ಸರ್ ಎಂದರೆ ಅನುಮಾನ, ಎರಡು ಸರ್ ಎಂದರೆ ಶುದ್ಧ ಸುಳ್ಳು: ಈ ಸೂತ್ರ ಅಲ್ಲಿಯವರೆಗೆ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಡಾಕ್ಟರು ಅದನ್ನು ಹೆಂಡತಿಗೂ ಹೇಳಲಿಲ್ಲ. ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಕೊನೆಯ ಪಂದ್ಯ ಬಂತು. ಕಂದು ಅಂಗಿಯವರಿಗೆ ಪಟ್ಟೆ ಅಂಗಿಯವರು ಎದುರು. ಸೋತವರು ಕೆಳಗಿನ ದರ್ಜೆಗೆ ಇಳಿಯಬೇಕು. ಅಂಚಿನ ಗೆರೆಯ ಮೇಲೆ ಟೋಪಿಯವರು ಬಂದು ನಿಂತಿದ್ದರು. ಒಂದೇ ಮಧ್ಯಾಹ್ನ ಭಾವಮೈದನ ತಂಡ ಉಳಿಯಬೇಕು, ಭಾವನ ಸೀಟಿ ಉಳಿಯಬೇಕು.

ಆಟಕ್ಕೆ ಮುಂಚೆ ಮೈದಾನದ ಗೇಟಿನ ಬಳಿ ಅಕ್ಕ ತಮ್ಮನ ಕಿವಿ ಹಿಡಿದು ಏನೋ ಹೇಳಿದಳು. ಅವನು ಎಂದೂ ಇಲ್ಲದ ವಿಧೇಯತೆಯಿಂದ ತಲೆಯಾಡಿಸಿದ. ಡಾಕ್ಟರು ಅದನ್ನು ನೋಡಲಿಲ್ಲ; ಕೂತು ಬೂಟಿನ ಲಾಡಿ ಕಟ್ಟಿಕೊಳ್ಳುತ್ತಿದ್ದರು.

ಅಂದು ಭಾವಮೈದನ ವರ್ತನೆ ಮಾದರಿಯಾಗಿತ್ತು. ಟಾಸಿಗೆ ಬಂದವನೇ, “ನಮಸ್ಕಾರ ಸರ್.” ಚೆಂಡು ಒಪ್ಪಿಸುವಾಗ, “ತಗೊಳ್ಳಿ ಸರ್.” ಊದಿದಾಗಲೆಲ್ಲ, “ಸರಿ ಸರ್, ತಿದ್ಕೋತೀವಿ ಸರ್.” ಟೋಪಿಯವರು ಮೆಚ್ಚಿ ತಲೆದೂಗಿದರು. ಡಾಕ್ಟರು ಮಾತ್ರ ಒಂದೊಂದು ಸರ್ ಅನ್ನೂ ಎಣಿಸುತ್ತಿದ್ದರು. ಇವನು ಇವತ್ತು ಮೈದಾನಕ್ಕೆ ಬಂದಿರುವುದೇ ಸುಳ್ಳು ಹೇಳಲಿಕ್ಕೆ ಎಂದುಕೊಂಡರು. ‘ಚೆಂಡು ನಮ್ಮ ಕೈ ತಗುಲಿ ಮುಂದಕ್ಕೆ ಹೋಗಲಿಲ್ಲ ಸರ್, ನೋಡಿ ಸರ್’ ಎಂದಾಗಲೆಲ್ಲ ಹೋಯಿತೆಂದೇ ತೀರ್ಪು ಕೊಟ್ಟರು. ಅವನು ಹುಬ್ಬೇರಿಸಿ, ‘ಸರಿ ಸರ್’ ಎಂದು ತನ್ನ ಜಾಗಕ್ಕೆ ಹೋದ.

ಆಟ ಮುಗಿಯುವ ಹೊತ್ತಿಗೆ ಕಂದು ಅಂಗಿಯವರು ನಾಲ್ಕು ಅಂಕ ಹಿಂದಿದ್ದರು. ಸಮಯ ಮುಗಿದಿತ್ತು, ಆದರೆ ಓಡುತ್ತಿರುವ ಚೆಂಡು ನಿಲ್ಲುವವರೆಗೆ ಆಟ ಮುಗಿಯುವಂತಿಲ್ಲ. ಭಾವಮೈದ ಚೆಂಡನ್ನು ಕಂಕುಳಿಗಿಟ್ಟುಕೊಂಡು ತಲೆ ತಗ್ಗಿಸಿ ನುಗ್ಗಿದ. ಮೂವರು ಅವನ ಕಾಲಿಗೆ ಬಿದ್ದರು, ನಾಲ್ವರು ಬೆನ್ನೇರಿದರು, ಎಲ್ಲರೂ ಒಟ್ಟಾಗಿ ಗೆರೆಯಾಚೆ ಉರುಳಿದರು. ಅದರ ಮೇಲೆ ಇನ್ನಷ್ಟು ಜನ ಬಿದ್ದರು. ಡಾಕ್ಟರು ಓಡಿ ಬರುವಷ್ಟರಲ್ಲಿ ಅಲ್ಲಿ ಬೂಟು, ಮಂಡಿ, ಕೆಸರು ಇಷ್ಟೇ ಇತ್ತು. ಚೆಂಡು ಎಲ್ಲೋ ಅಡಿಯಲ್ಲಿ. ನೆಲ ಮುಟ್ಟಿದೆಯೋ, ಯಾರದಾದರೂ ತೋಳಿನ ಮೇಲೆ ಕೂತಿದೆಯೋ ದೇವರೇ ಬಲ್ಲ.

ಅವರು ಮಂಡಿಯೂರಿ ಬಗ್ಗಿದರು. ರಾಶಿಯ ಬುಡದಲ್ಲಿ ಕೆಸರು ಮೆತ್ತಿದ ಒಂದು ಮುಖ, ಒಂದು ಕಣ್ಣು. ಈ ಸಲ ಬೆನ್ನ ಹಿಂದೆ ಕೈ ಕಟ್ಟಿಕೊಂಡು ಮರ್ಯಾದೆ ತೋರಿಸುವ ಸ್ಥಿತಿಯಲ್ಲಿ ಭಾವಮೈದ ಇರಲಿಲ್ಲ.

“ಇಟ್ಟೆ ಸರ್,” ಎಂದಿತು ಆ ಮುಖ. “ನಿಜವಾಗ್ಲೂ ಸರ್.”

ಎರಡು.

ಡಾಕ್ಟರು ಎದ್ದು ನಿಂತರು. ಒಂದು ಕ್ಷಣವೂ ತಡವರಿಸಲಿಲ್ಲ. ಚೆಂಡು ನೆಲ ಮುಟ್ಟಿಲ್ಲವೆಂದು ಕೈ ಆಡಿಸಿ ತೋರಿಸಿ, ಉದ್ದಕ್ಕೆ ಸೀಟಿ ಊದಿ ಆಟ ಮುಗಿಸಿದರು. ಪಟ್ಟೆ ಅಂಗಿಯವರು ಕುಣಿದರು. ಅಂಚಿನಲ್ಲಿ ಒಂದು ಕೊಡೆ ಮೆಲ್ಲಗೆ ಮುಚ್ಚಿಕೊಂಡಿತು.

ಟೋಪಿಯವರು ಹತ್ತಿರ ಬಂದು ಕೈ ಕುಲುಕಿದರು. “ನಾನಿದ್ದ ಕಡೆಯಿಂದ ನನಗೇನೂ ಕಾಣಿಸ್ಲಿಲ್ಲ. ಆ ರಾಶಿ ಒಳಗೆ ನಿಮಗೆ ಹೇಗೆ ಕಾಣಿಸ್ತು ಡಾಕ್ಟ್ರೇ?”

“ಕಾಣಿಸ್ಲಿಲ್ಲ. ಕೇಳಿಸ್ತು.”

ಟೋಪಿಯವರು ಡಾಕ್ಟರ ಭುಜ ತಟ್ಟಿದರು. “ಕಣ್ಣಲ್ಲಿ ಯಾರು ಬೇಕಾದ್ರೂ ಆಡಿಸ್ತಾರೆ. ಆಟಾನ ಕಿವಿಯಿಂದ ನೋಡಿ ಅಂತ ನಾನು ಬಡ್ಕೊಳ್ತಾನೇ ಬಂದೆ, ಒಬ್ಬರಿಗಾದ್ರೂ ಅರ್ಥ ಆಯ್ತಲ್ಲ,” ಎಂದು ಟೋಪಿ ತೆಗೆದರು. ಒಳಗೆ ಪೂರಾ ಬೋಳು. ಸೀಟಿ ಉಳಿಯಿತೆಂದು ಡಾಕ್ಟರಿಗೆ ಆಗಲೇ ಖಾತ್ರಿಯಾಯಿತು.

ಸೋಮವಾರ ಬೆಳಿಗ್ಗೆ ಭಾವಮೈದ ಕ್ಲಿನಿಕ್ಕಿಗೆ ಬಂದ. ರಾಶಿಯ ಕೆಳಗೆ ಅವನ ಮುಂದಿನ ಹಲ್ಲೊಂದರ ತುದಿ ಮುರಿದಿತ್ತು. ಜೊತೆಗೆ ಅಕ್ಕನೂ ಬಂದು ಸ್ಟೂಲಿನ ಮೇಲೆ ಕೂತಳು. ಡಾಕ್ಟರು ದೀಪ ಎಳೆದು, ಹತ್ತಿ ತುರುಕಿ, ಕೊಳವೆ ಸಿಕ್ಕಿಸಿ, ಎದುರಿನವರು ಮಾತಾಡಲಾರರೆಂದು ಖಚಿತವಾದ ಮೇಲೆ ಉಪದೇಶಕ್ಕೆ ತೊಡಗಿದರು. ಆಟ ಎಂದ ಮೇಲೆ ಸೋಲು ಗೆಲುವು ಇದ್ದದ್ದೇ; ಆದರೆ ಸುಳ್ಳು ಹೇಳಬಾರದು; ಅದೂ ಮನೆಯವರಿಗೆ. ಮುರಿದ ಹಲ್ಲಿಗೆ ಹೊಸ ತುದಿ ಕಟ್ಟಿ, ಉಜ್ಜಿ ನಯ ಮಾಡುವವರೆಗೂ ಉಪದೇಶ ನಡೆಯಿತು. ಆಮೇಲೆ ಹತ್ತಿ ತೆಗೆದರು.

ಭಾವಮೈದ ಬಾಯಿ ಮುಕ್ಕಳಿಸಿ ಉಗುಳಿದ. ಹಲ್ಲಿನ ಹೊಸ ತುದಿಯ ಮೇಲೆ ನಾಲಗೆ ಆಡಿಸಿ ನೋಡಿಕೊಂಡ.

“ಇಟ್ಟಿದ್ದೆ ಭಾವ,” ಎಂದ.

ಡಾಕ್ಟರ ಕೈಯಲ್ಲಿದ್ದ ಇಕ್ಕಳ ತಟ್ಟೆಗೆ ಬಿತ್ತು. “ಮತ್ತೆ ಸರ್ ಅಂದ್ಯಲ್ಲೋ. ಎರಡು ಸಲ.”

“ಬೀಳೋವಾಗ್ಲೇ ನೋಡಿದೆ, ಟೋಪಿಯವರು ಗೆರೆ ಗುಂಟ ಓಡಿ ಬರ್ತಿದ್ರು. ಒಂದು ನಿಮಗೆ, ಒಂದು ಅವರ ಕಿವಿಗೆ. ಬಾಯಲ್ಲಿ ಭಾವ ಅಂತ ಬಂದ್ರೆ ಹಲ್ಲು ಉದುರಿಸ್ತೀನಿ, ಭಾವನ ಸೀಟಿ ಹೋಗುತ್ತೆ ಅಂತ ಅಕ್ಕ ಗೇಟಲ್ಲೇ ಹೇಳಿದ್ಲು. ನಿಮ್ಮ ಮರ್ಯಾದೆ ಉಳಿಸೋಣ ಅಂತ ಇಡೀ ದಿನ ಒದ್ದಾಡಿದೀನಿ. ನೀವು ನೋಡಿದ್ರೆ ಮುಟ್ಟಿದ್ದಕ್ಕೂ ಊದಿದ್ರಿ, ಮುಟ್ಟದೇ ಇದ್ದಿದ್ದಕ್ಕೂ ಊದಿದ್ರಿ.”

ಡಾಕ್ಟರು ಆಗ ತಮ್ಮ ಸೂತ್ರವನ್ನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದರು. ಗಣಿತದವಳು ಪೂರ್ತಿ ಕೇಳಿ, “ಲೆಕ್ಕ ಸರಿಯಾಗೇ ಇದೆ. ಪ್ರಶ್ನೆ ಬದಲಾಗಿದ್ದು ನಿಮಗೆ ಗೊತ್ತಾಗ್ಲಿಲ್ಲ, ಅಷ್ಟೇ,” ಎಂದಳು.

“ಈಗಲೇ ಟೋಪಿಯವರಿಗೆ ಫೋನ್ ಮಾಡ್ತೀನಿ.”

“ಏನಂತ? ಭಾವಮೈದ ಮರ್ಯಾದೆ ಕೊಟ್ಟ, ಅದಕ್ಕೆ ಮೋಸ ಹೋದೆ ಅಂತಲಾ?” ಎಂದ ಭಾವಮೈದ. “ಬಿಡಿ ಭಾವ. ರೆಫರಿ ಅಂದಿದ್ದೇ ಅಂತಿಮ.”

“ನಿಯಮ,” ಎಂದಳು ಹೆಂಡತಿ.

ವಿಷಯ ಅತ್ತೆಯ ಕಿವಿಗೂ ಹೋಯಿತು. ಅವರು ಈ ಬಾರಿ ನಾಯಕಿಯ ಮೂಲಕ ಹೋಗದೆ ನೇರವಾಗಿಯೇ ಮಾತಾಡಿದರು, ಸಾಕಷ್ಟು ಹೊತ್ತು ಮಾತಾಡಿದರು. ಆದರೆ ತೀರ್ಪು ಬದಲಾಗಲಿಲ್ಲ. ಡಾಕ್ಟರ ತೀರ್ಮಾನವೊಂದು ಆ ಮನೆಯಲ್ಲಿ ಮಧ್ಯಾಹ್ನದ ಊಟ ದಾಟಿ ಉಳಿದದ್ದು ಅದೇ ಮೊದಲು, ಮತ್ತು ಅದು ತಪ್ಪು ತೀರ್ಮಾನವಾಗಿತ್ತು.

ಕಂದು ಅಂಗಿಯವರು ಕೆಳಗಿನ ದರ್ಜೆಗೆ ಇಳಿದರು. ಡಾಕ್ಟರಿಗೆ ಮೇಲಿನ ದರ್ಜೆಯ ಪಂದ್ಯಗಳು ಸಿಕ್ಕವು.